ದಾರಿ ತಪ್ಪಿದ ಫೈಲು

"ನಿನ್ನ ಯಂತ್ರ ಇವತ್ತೂ ಎಲ್ಲ ಮರೆತು ಕೂತಿದೆ ಕಣಮ್ಮ," ಎಂದಿತು ಫೋನಿನಲ್ಲಿ ಮರ್ವ್‌ನ ಗೊಗ್ಗರು ದನಿ. "ಒಂದು ದೋಣಿ ಹೆಸರೂ ಇಲ್ಲ. ಬಂದು ನೋಡ್ತೀಯೋ, ಇಲ್ಲ ಎತ್ತಿ ಸಮುದ್ರಕ್ಕೆ ಹಾಕ್ಲೋ?"

ಬ್ರಿಯೋನಿ ಹಲ್ಲು ಕಚ್ಚಿದಳು. ಗ್ಯಾನೆಟ್ ಬೇ ಬಂದರಿನ ರೇಡಿಯೊ ಕೋಣೆಗೆ ಅವಳು ಬರೆದುಕೊಟ್ಟದ್ದು ಚಿಕ್ಕದೊಂದು ಪ್ರೋಗ್ರಾಂ. ಯಾವ ದೋಣಿ ಕಡಲಿಗೆ ಹೋಯಿತು, ಯಾವುದು ಮರಳಿತು, ಅಷ್ಟೇ. ಕತ್ತಲಾಗುವ ಮುಂಚೆ ಯಾರನ್ನು ಹುಡುಕಬೇಕೆಂದು ತೀರ್ಮಾನವಾಗುವುದು ಆ ಪಟ್ಟಿಯನ್ನು ನೋಡಿಯೇ. ಪಟ್ಟಿ ಖಾಲಿಯಿದ್ದರೆ ಕಡಲಲ್ಲಿ ಯಾರೂ ಇಲ್ಲವೆಂದು ಅರ್ಥ. ತನ್ನ ಪ್ರೋಗ್ರಾಂ ಅಂಥ ಸುಳ್ಳು ಹೇಳುತ್ತಿದೆಯಲ್ಲ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೊದಲ ಸಲದ ತಪ್ಪು ಅವಳದೇ. ಡೇಟಾಬೇಸ್ ಫೈಲು ಇರುವ ಪೂರ್ತಿ ದಾರಿ ಕೊಡದೆ ಬರೀ ಹೆಸರು ಬರೆದಿದ್ದಳು. ಪ್ರೋಗ್ರಾಂ ತಾನು ನಿಂತ ಫೋಲ್ಡರಿನಲ್ಲೇ ಹುಡುಕಿ, ಸಿಗದಿದ್ದಾಗ ಅಲ್ಲೇ ಒಂದು ಖಾಲಿ ಫೈಲು ಹುಟ್ಟಿಸಿಕೊಂಡು, ಏನೂ ಆಗೇ ಇಲ್ಲವೆಂಬಂತೆ ಕೂತಿತ್ತು. ಅದನ್ನು ಕೂಡಲೇ ತಿದ್ದಿದಳು. ಮುಂದೆ ಕಂಪ್ಯೂಟರ್ ಬದಲಾದರೂ ಕಷ್ಟವಾಗದಿರಲೆಂದು ಫೈಲಿನ ದಾರಿ ಆರಿಸಿಕೊಳ್ಳಲು ಒಂದು ಸೆಟ್ಟಿಂಗ್ ಇಟ್ಟು, ಕೋಣೆಯಲ್ಲಿ ಪಾಳಿಯ ಮೇಲೆ ಕೂರುವ ಇಬ್ಬರಿಗೂ ತೋರಿಸಿಕೊಟ್ಟಳು. ಬೆಳಗಿನ ಪಾಳಿಯ ನೊರೀನ್ ಕೇಳಿ ಕೇಳಿ ಕಲಿತಳು. ಮಧ್ಯಾಹ್ನದ ಪಾಳಿಯ ಮರ್ವ್ ಕಿಟಕಿಯಾಚೆ ನೋಡುತ್ತಿದ್ದ. ದೋಣಿಗಳ ಹೆಸರು ಬರೆಯಲು ಗೋಡೆಯ ಬಿಳಿ ಹಲಗೆ ಇರುವಾಗ ಇದೆಲ್ಲ ಯಾಕೆಂದು ಬಂದರಿನ ಸಮಿತಿಯ ಎದುರು ವಾದಿಸಿದ್ದವನು ಅವನು.

ಆಮೇಲೆ ಬಹಳ ದಿನ ಎಲ್ಲ ಸರಿಯಾಗಿತ್ತು. ಚಳಿಗಾಲದಲ್ಲಿ ಮರ್ವ್ ಕೆಲವು ತಿಂಗಳು ಕೆಲಸಕ್ಕೆ ಬರಲಿಲ್ಲ. ಮೈ ಹುಷಾರಿಲ್ಲವೇನೋ ಎಂದುಕೊಂಡು ಬ್ರಿಯೋನಿ ವಿಚಾರಿಸಿರಲಿಲ್ಲ. ಅವನು ಮರಳಿ ಬಂದು ಕೂತ ವಾರವೇ ಈ ಪೀಡೆ ಶುರುವಾಯಿತು.

ಮಧ್ಯಾಹ್ನ ಪಟ್ಟಿ ಖಾಲಿ. ಮರುದಿನ ಬೆಳಿಗ್ಗೆ ಅವಳು ಹೋಬಾರ್ಟ್ ನಗರದಿಂದ ಕಾರು ಓಡಿಸಿಕೊಂಡು ಬಂದರೆ ಪಟ್ಟಿ ತುಂಬಿರುತ್ತಿತ್ತು. ತುಂಬಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದಳು, ಹೆಸರುಗಳನ್ನು ಓದುತ್ತಿರಲಿಲ್ಲ. ಇಲ್ಲದ ತಪ್ಪನ್ನು ಹುಡುಕಿ ಹುಡುಕಿ ತಲೆ ಕೆಟ್ಟು, ಮಧ್ಯಾಹ್ನದ ಬೇರೆ ಕೆಲಸಕ್ಕೆಂದು ವಾಪಸ್ ಓಡುತ್ತಿದ್ದಳು.

ಈ ಸಲವೂ ಹಾಗೇ.

"ನನಗಂತೂ ಚೆನ್ನಾಗೇ ನಡೀತಿದೆಯಮ್ಮ," ಎಂದು ನೊರೀನ್ ಕುಂಬಳಕಾಯಿ ಸ್ಕೋನ್ ಬನ್ನುಗಳ ತಟ್ಟೆಯನ್ನು ಅವಳತ್ತ ಸರಿಸಿದಳು. "ತಿನ್ನು. ಆ ಡಬ್ಬದ ಜೊತೆ ಜಗಳ ಆಡಿ ಆಡಿ ಸೊರಗಿ ಹೋಗಿದೀಯ."

ಬ್ರಿಯೋನಿ ತಟ್ಟೆ ಮುಟ್ಟಲಿಲ್ಲ. ಆ ದಿನ ಮೊದಲ ಬಾರಿಗೆ ಫೋಲ್ಡರನ್ನೇ ತೆರೆದು ನೋಡಿದಳು. ಒಂದಲ್ಲ, ಎರಡು ಡೇಟಾಬೇಸ್ ಫೈಲು. ಎರಡನೆಯದು ಖಾಲಿ. ಅದನ್ನು ತೆರೆದ ಸಮಯ ನೋಡಿದರೆ, ಹಿಂದಿನ ದಿನ ಪಾಳಿ ಬದಲಾಗುವ ಹೊತ್ತಿಗೆ ಸೆಟ್ಟಿಂಗನ್ನು ಯಾರೋ ಕೈಯಾರೆ ಆ ಖಾಲಿ ಫೈಲಿನ ಕಡೆ ತಿರುಗಿಸಿದ್ದರು.

"ಹಲಗೆ ವಾಪಸ್ ಬರ್ಲಿ ಅಂತ ಮರ್ವ್ ಮಾಡ್ತಿರೋ ಆಟ ಇದು," ಎಂದಳು. "ಮಾಡೋದೂ ಅವನೇ, ಫೋನ್ ಮಾಡಿ ಹಂಗಿಸೋದೂ ಅವನೇ."

"ಅವನ ಮೇಲೆ ಹಾಕ್ಬೇಡ ಕಣೇ. ಅವನು ಅಂಥವನಲ್ಲ." ನೊರೀನ್ ಹಲಗೆಯ ಕಡೆ ಕೈ ತೋರಿದಳು. ಹೊರಗಿರುವ ದೋಣಿಗಳ ಹೆಸರನ್ನೆಲ್ಲ ಅದರ ಮೇಲೆ ಅವಳೇ ದುಂಡಗೆ ಬರೆದಿಟ್ಟಿದ್ದಳು. "ಮಧ್ಯಾಹ್ನಕ್ಕೆ ಇದೇ ಸಾಕು. ಬಿಟ್ಟುಬಿಡು."

ಬಿಡುವುದಕ್ಕೆ ಬ್ರಿಯೋನಿ ತಯಾರಿರಲಿಲ್ಲ. ಸೆಟ್ಟಿಂಗನ್ನೇ ಕಿತ್ತುಹಾಕಿದಳು. ಫೈಲಿನ ದಾರಿಯನ್ನು ಪ್ರೋಗ್ರಾಮಿನೊಳಗೇ ಮೊಳೆ ಹೊಡೆದಂತೆ ಕೂರಿಸಿದಳು. ಇನ್ನು ಯಾರಪ್ಪ ಬಂದರೂ ಬದಲಾಯಿಸುವಂತಿಲ್ಲ.

"ಇವತ್ತೇ ಮಾಡ್ಬೇಕಿತ್ತಾ?" ನೊರೀನ್ ಗಡಿಯಾರದತ್ತ ನೋಡಿದಳು.

ಬ್ರಿಯೋನಿ ಅಂದಿನ ಬೇರೆ ಕೆಲಸಕ್ಕೆ ರಜೆ ಹಾಕಿ ಕಾದಳು. ಪಾಳಿ ಮುಗಿದರೂ ನೊರೀನ್ ಮನೆಗೆ ಹೋಗಲಿಲ್ಲ.

ಮರ್ವ್ ಬಂದ. ಟೋಪಿ ತೆಗೆದು ಕೊಕ್ಕೆಗೆ ಹಾಕಿದ. "ಏನು, ಡಾಕ್ಟರು ರೋಗಿ ಪಕ್ಕದಲ್ಲೇ ಕೂತ್ಬಿಟ್ಟಿದಾರೆ?"

"ತೆರೆದು ನೋಡಿ," ಎಂದಳು ಬ್ರಿಯೋನಿ. "ಇವತ್ತು ಖಾಲಿ ಇದ್ರೆ ನನ್ನ ಕೇಳಿ."

ಪಟ್ಟಿ ಮೂಡಿತು. ಹೊತ್ತು ಮೀರಿದರೂ ಮರಳದ ದೋಣಿ ಎಲ್ಲಕ್ಕಿಂತ ಮೇಲೆ, ಕೆಂಪಕ್ಷರದಲ್ಲಿ ಬರಬೇಕೆಂದು ನಿಯಮ ಬರೆದವಳು ಅವಳೇ. ಕೆಂಪಕ್ಷರದ ಸಾಲು ಒಂದೇ ಒಂದಿತ್ತು. ದೋಣಿ ಲಿಟಲ್ ಟರ್ನ್. ನಡೆಸುವವನು ಡಾರ್ಸಿ. ಹೊರಟದ್ದು ಕಳೆದ ಚಳಿಗಾಲ. ಮರಳಿದ್ದು ಎಂಬಲ್ಲಿ ಏನೂ ಇರಲಿಲ್ಲ.

ಮರ್ವ್ ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಕೂತ.

ನೊರೀನ್ ಬ್ರಿಯೋನಿಯ ತೋಳು ಹಿಡಿದು ಬಾಗಿಲ ಬಳಿಗೆ ಎಳೆದಳು. "ಬದಲಾಯಿಸ್ತಿದ್ದದ್ದು ನಾನು ಕಣೇ," ಎಂದು ಪಿಸುಗುಟ್ಟಿದಳು. "ಡಾರ್ಸಿ ಅವನ ಮಗ. ದೋಣಿ ಸಿಗಲೇ ಇಲ್ಲ. ಮರಳಿತು ಅಂತ ಸುಳ್ಳು ಬರೆಯೋಕೆ ನನಗೆ ಕೈ ಬರ್ಲಿಲ್ಲ. ದಿನಾ ಬಂದು ಕೂತ ಕೂಡ್ಲೇ ಆ ಹೆಸರು ಅವನ ಕಣ್ಣಿಗೆ ಬೀಳೋದು ಬೇಡ ಅಂತ, ಹೊರಡೋ ಮುಂಚೆ ಖಾಲಿ ಫೈಲು ಹಾಕಿ ಹೋಗ್ತಿದ್ದೆ, ಬೆಳಿಗ್ಗೆ ಬಂದು ಮತ್ತೆ ಸರಿ ಮಾಡ್ತಿದ್ದೆ."

ಬ್ರಿಯೋನಿ ಬೇಗ ಬೇಗ ಮೇಜಿನ ಬಳಿಗೆ ಬಂದಳು. "ಮರ್ವ್, ನಂಗೆ ಗೊತ್ತಿರಲಿಲ್ಲ. ಇರಿ, ಈ ಸಾಲು ಈಗಲೇ ತೆಗೆದುಬಿಡ್ತೀನಿ."

ಅವಳು ಮುಟ್ಟುವ ಮೊದಲೇ ಮರ್ವ್‌ನ ಅಂಗೈ ಮೌಸಿನ ಮೇಲೆ ಕೂತಿತು.

"ತೆಗೀಬೇಡ. ಹುಡುಕೋದು ನಿಲ್ಲಿಸಿದ ದಿನ ಹಲಗೆ ಮೇಲಿಂದ ಅವನನ್ನ ಒರೆಸಿಬಿಟ್ರು," ಎಂದ ಅವನು, ಪರದೆಯಿಂದ ಕಣ್ಣು ಕೀಳದೆ. "ಕೆಲಸಕ್ಕೆ ಮರಳಿದ ದಿನ ಇಲ್ಲಿ ಈ ಹೆಸರು ನೋಡಿದ್ದೆ. ಅವನು ಇನ್ನೂ ಬರೋದಿದೆ ಅಂತ ಊರಲ್ಲಿ ಹೇಳೋದು ಇದೊಂದೇ. ಈ ಸಾಲು ಕಾಣದೇ ಇದ್ದಾಗಲೇ ಕಣಮ್ಮ ನಾನು ನಿನಗೆ ಫೋನ್ ಮಾಡ್ತಿದ್ದದ್ದು."