ಬಾಗಿಲ ಬಳಿಯ ಮಾತು

"ಯಾರ್ರೀ ಹೀಗೆಲ್ಲ ಮಾತಾಡ್ತಾರೆ?" ಎಂದು ಸಂಭಾಷಣೆಕಾರ ಕಾಗದಗಳನ್ನು ಮೇಜಿನ ಮೇಲೆ ಕುಕ್ಕಿದ. ಧಾರಾವಾಹಿಯ ಸೆಟ್ಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಿರ್ದೇಶಕನಿಗೆ ಬೇಕಾಗಿದ್ದದ್ದು ಸಿಡಿಲಿನ ಸದ್ದು, ಹಾರುವ ಪರದೆ, ಸೂಟ್‌ಕೇಸ್ ಹಿಡಿದು ಎರಡು ಪುಟ ಮಾತಾಡುವ ಹೆಂಡತಿ. ಕೊನೆಗೆ, "ಹೋಗ್ತೀನಿ! ಇನ್ನೆಂದೂ ಈ ಹೊಸ್ತಿಲು ತುಳಿಯಲ್ಲ!" ಎಂದು ಅವಳು ಬಾಗಿಲು ಬಡಿಯಬೇಕು. ಬಡಿತ ಒಂದೇ, ತೋರಿಸುವುದು ಮೂರು ಸಲ.

ಹನ್ನೊಂದು ವರ್ಷದಿಂದ ಇದೇ ಗೋಳು. ಈ ಧಾರಾವಾಹಿಗಳಲ್ಲಿ ಜನ ಮಲಗುವಾಗಲೂ ಒಡವೆ ಬಿಚ್ಚುವುದಿಲ್ಲ, ಫೋನ್ ಮುಗಿಸುವಾಗ "ಇಡ್ತೀನಿ" ಅನ್ನುವುದಿಲ್ಲ. ಸಂಭಾಷಣೆಕಾರನಿಗೆ ಸಾಕಾಗಿ ಹೋಗಿತ್ತು. ನಿಜವೆನಿಸುವ ಒಂದೇ ಒಂದು ದೃಶ್ಯ ಬರೆಯಬೇಕೆಂಬ ಹಟ. ಇವತ್ತೂ ಒಪ್ಪದಿದ್ದರೆ ಈ ಕೆಲಸಕ್ಕೇ ಕೈಮುಗಿಯುವವನಿದ್ದ.

"ಬಿಟ್ಟು ಹೋಗೋಳು ಭಾಷಣ ಮಾಡಲ್ಲ ಸಾರ್. ಇದು ನಾನು ಊಹಿಸಿ ಬರೆದದ್ದಲ್ಲ. ಬೆಳಿಗ್ಗೆ ನಮ್ಮನೆಯವಳನ್ನೇ ಕೇಳಿದೆ."

ಕೇಳಿದ್ದೇನೋ ನಿಜ. ಮೇಜಿನಿಂದ ತಲೆ ಎತ್ತದೆ, "ಗಂಡನ್ನ ಬಿಟ್ಟು ಹೋಗೋಳು ಬಾಗಿಲ ಹತ್ರ ಏನಂತಾಳೆ, ಹೇಳೇ" ಎಂದಿದ್ದ.

ಚಪ್ಪಲಿ ಮೆಟ್ಟಿಕೊಂಡಿದ್ದ ಹೆಂಡತಿ ಅವನ ಬೆನ್ನ ಹಿಂದೆ ತುಸು ಹೊತ್ತು ನಿಂತಳು. "ಹೇಳಿದ್ರೆ ಕೇಳಿಸ್ಕೊಳ್ತೀರಾ?"

"ಕೇಳಿಸ್ಕೊಳ್ಳೋದೇನು, ಬರ್ಕೋತೀನಿ!"

ಅವಳು ಹೇಳಿದಂತೆ ಪೆನ್ನು ಓಡಿತು. "ಭಲೇ!" ಎಂದು ಅವನು ತಿರುಗುವಷ್ಟರಲ್ಲಿ ಅವಳು ಹೊರಟಾಗಿತ್ತು.

ಈಗ ಕಾಗದ ನೋಡದೆಯೇ ಒಪ್ಪಿಸಿದ: "ಹಾಲು ಕಾಯಿಸಿಟ್ಟಿದ್ದೀನಿ. ಗ್ಯಾಸ್ ನಾಳೆ ಬರತ್ತೆ. ನನ್ನ ಕೀ ಫ್ರಿಜ್ ಮೇಲಿದೆ. ಬರ್ತೀನಿ. ಅಷ್ಟೇ ಸಾರ್."

ನಿರ್ದೇಶಕ ಹಣೆ ಚಚ್ಚಿಕೊಂಡ. "ಬಂಗಲೆ ಸೊಸೆ ಗ್ಯಾಸ್ ವಿಚಾರ ಮಾತಾಡ್ತಾಳಾ? ಅವಳು ಬಿಟ್ಟೇ ಹೋಗ್ತಿದಾಳೆ ಅಂತ ಯಾರಿಗ್ರೀ ಗೊತ್ತಾಗತ್ತೆ? ಗಂಡನಿಗೇ ಗೊತ್ತಾಗಲ್ಲ! ಕೊನೇಪಕ್ಷ 'ಹೋಗ್ತೀನಿ' ಅಂತಾದ್ರೂ ಹಾಕಿ."

"ಸತ್ತರೂ ಹಾಕಲ್ಲ. ಬಾಗಿಲಲ್ಲಿ ನಿಂತು 'ಹೋಗ್ತೀನಿ' ಅನ್ನೋರು ಟೀವಿಲಿ ಮಾತ್ರ. ನಮ್ಮನೆಯವಳು ತರಕಾರಿಗೆ ಹೋದ್ರೂ 'ಬರ್ತೀನಿ' ಅಂತಾಳೆ. ಹದಿನಾರು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ."

"ಸರಿ ಮಾರಾಯ್ರೇ, ನಿಮ್ಮ ಹಟವೇ ಗೆಲ್ಲಲಿ" ಎಂದು ನಿರ್ದೇಶಕ ಕೈಚೆಲ್ಲಿದ. ಸಂಭಾಷಣೆಕಾರ ಕುಕ್ಕಿದ್ದ ಕಾಗದಗಳನ್ನು ಒಪ್ಪವಾಗಿ ಜೋಡಿಸಿಟ್ಟ. ಹನ್ನೊಂದು ವರ್ಷಕ್ಕೆ ಮೊದಲ ಗೆಲುವು. ಸಂಜೆ ಮನೆಗೆ ಹೋಗಿ ಅವಳಿಗೆ ಹೇಳಬೇಕು.

ಹೆಂಡತಿಯ ಪಾತ್ರದ ನಟಿ ಹಾಳೆ ಎತ್ತಿಕೊಂಡು ಓದಿದಳು: "ಹಾಲು ಕಾಯಿಸಿಟ್ಟಿದ್ದೀನಿ. ಗ್ಯಾಸ್ ನಾಳೆ ಬರತ್ತೆ. ನನ್ನ ಕೀ ಫ್ರಿಜ್ ಮೇಲಿದೆ. ಹೋಗ್ತೀನಿ."

"ಬರ್ತೀನಿ ಕಣಮ್ಮಾ, ಬರ್ತೀನಿ!" ಎಂದು ಅವನು ರೇಗಿದ. "ಬರೆದದ್ದನ್ನಾದ್ರೂ ನೆಟ್ಟಗೆ ಓದಬಾರದಾ?"

"ಬರೆದಿರೋದೇ ಹೀಗೆ ಸಾರ್" ಎಂದು ಅವಳು ಹಾಳೆಯನ್ನು ಅವನ ಮುಂದೆ ಹಿಡಿದಳು.

ಅಕ್ಷರ ಅವನದೇ. ಬೆಳಿಗ್ಗೆ ಹೆಂಡತಿ ಹೇಳಿದ್ದನ್ನು ಅವನು ಒಂದು ಪದವನ್ನೂ ಬದಲಿಸದೆ ಬರೆದುಕೊಂಡಿದ್ದ.