ನಿನ್ನೆಯ ಟ್ರ್ಯಾಕ್

ಡ್ರಮ್ಮಿನ ಬಡಿತ ಶುರುವಾಗಿ ಹನ್ನೆರಡು ಸೆಕೆಂಡಾಗಿತ್ತು. ಹುಡುಗಿಯ ಕೈಗಳು ಇನ್ನೂ ತೊಡೆಯ ಮೇಲೇ ಇದ್ದವು. ಅವಳ ಮುಂದಿನ ಪುಟ್ಟ ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವ ತಂತಿಯನ್ನು ಸಂಗೀತದ ಟೀಚರ್ ಬೆಳಗಿನಿಂದ ನಾಲ್ಕು ಸಲ ಕಿತ್ತು ಸಿಕ್ಕಿಸಿದ್ದರು. ತಂತಿಯಲ್ಲೇನೂ ದೋಷವಿರಲಿಲ್ಲ.

ಪರೀಕ್ಷಕರು ಗೋಡೆಗೆ ಮುಖಮಾಡಿ ಕೂತಿದ್ದರು. ಅದು ಅವರ ಪದ್ಧತಿ. "ಮಕ್ಕಳ ಮುಖ ನೋಡಿದ್ರೆ ಕೈ ತಾನಾಗೇ ಅಂಕ ಹಾಕಿಬಿಡುತ್ತೆ. ಕಿವಿಗೆ ಆ ದಾಕ್ಷಿಣ್ಯ ಇಲ್ಲ ನೋಡಿ" ಎಂದು ಬಂದವರೇ ಕುರ್ಚಿ ತಿರುಗಿಸಿಕೊಂಡಿದ್ದರು. ಒಂಬತ್ತನೇ ತರಗತಿಯ ಪ್ರತಿಯೊಬ್ಬರೂ ಎರಡು ನಿಮಿಷದ ತಾಳದ ಮೇಲೆ ಆ ಗಳಿಗೆಗೆ ತೋಚಿದ್ದನ್ನು ನುಡಿಸಬೇಕು. ಅಳಿಸುವಂತಿಲ್ಲ. ಮತ್ತೆ ಮೊದಲಿನಿಂದ ಶುರುಮಾಡುವಂತಿಲ್ಲ.

ಅಳಿಸುವುದರಲ್ಲಿ ಈ ಹುಡುಗಿಯದು ಎತ್ತಿದ ಕೈ. ಹತ್ತು ಸ್ವರ ನುಡಿಸಿ ಹನ್ನೊಂದು ಅಳಿಸುತ್ತಾಳೆ ಎಂದು ತರಗತಿಯವರು ಅವಳನ್ನು 'ರಬ್ಬರ್' ಎಂದೇ ಕರೆಯುತ್ತಿದ್ದರು. ಹೋದ ಪರೀಕ್ಷೆಯಲ್ಲಿ ಎರಡು ನಿಮಿಷವೂ ಹೀಗೇ ಕೂತು ಸೊನ್ನೆ ತೆಗೆದುಕೊಂಡಿದ್ದಳು. ಇನ್ನೊಂದು ಸೊನ್ನೆ ಬಂದರೆ ಸಂಗೀತ ಬಿಟ್ಟು ಬೇರೆ ವಿಷಯಕ್ಕೆ ಹೋಗಬೇಕು. ಅವಳ ಚಿಕ್ಕಮ್ಮ ಕಳೆದ ವಾರ ಬಂದು ಟೀಚರ ಕೈ ಹಿಡಿದುಕೊಂಡಿದ್ದರು. "ಮನೇಲಿ ಒಂದು ಮಾತಿಲ್ಲ, ಕತೆ ಇಲ್ಲ. ನಿಮ್ಮ ಕ್ಲಾಸಿದ್ದ ದಿನ ಮಾತ್ರ ಊಟದ ಮೇಜಿನ ಮೇಲೆ ಬೆರಳಾಡಿಸ್ತಾ ಕೂತಿರ್ತಾಳೆ. ಅದೊಂದು ತಪ್ಪಿಸ್ಬೇಡಿ ತಾಯಿ."

ಅದಕ್ಕೇ ಟೀಚರ್ ಆ ಕೆಲಸ ಮಾಡಿದ್ದು. ನಿನ್ನೆ ಶಾಲೆ ಬಿಟ್ಟ ಮೇಲೆ ಹುಡುಗಿ ಯಾರೂ ಕೇಳುತ್ತಿಲ್ಲವೆಂದುಕೊಂಡು ಇದೇ ತಾಳಕ್ಕೆ ನುಡಿಸಿದ್ದಳು. ಟೀಚರ್ ಸದ್ದಿಲ್ಲದೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಅದೀಗ ಪರದೆಯ ತಳದಲ್ಲಿ, ಬೇರೊಂದು ಟ್ರ್ಯಾಕಿನಲ್ಲಿ, ದನಿ ಮುಚ್ಚಿಕೊಂಡು ತಾಳದ ಜೊತೆಗೇ ಓಡುತ್ತಿತ್ತು. ಮೌಸಿನ ಒಂದು ಒತ್ತು ಸಾಕು, ಕೇಳತೊಡಗುತ್ತದೆ. ಅವಳದನ್ನೇ ಅವಳಿಗೆ ಕೊಟ್ಟರೆ ಮೋಸ ಹೇಗಾಗುತ್ತದೆ ಎಂದು ಅವರು ರಾತ್ರಿಯೆಲ್ಲ ತಮ್ಮೊಡನೆಯೇ ವಾದಿಸಿದ್ದರು. ಗೆದ್ದಿದ್ದೇನೆ ಅನ್ನಿಸಿರಲಿಲ್ಲ.

ಇಪ್ಪತ್ತೈದು ಸೆಕೆಂಡು.

"ಶುರುವಾಗಿದ್ಯೇನಮ್ಮಾ?" ಪರೀಕ್ಷಕರು ಗೋಡೆಯನ್ನು ಕೇಳಿದರು.

"ಆಗಿದೆ ಸರ್. ತಾಳ ಕೇಳಿಸ್ಕೊತಿದಾಳೆ."

"ಕೇಳ್ಲಿ, ಕೇಳ್ಲಿ. ನಾನು ಕೇಳೋದಕ್ಕೂ ಒಂದಿಷ್ಟು ಉಳಿಸಿದ್ರೆ ಸಾಕು."

ಟೀಚರ್ ಮೌಸಿನ ಮೇಲೆ ಕೈಯಿಟ್ಟರು. ಮೂವತ್ತು. ಮೂವತ್ತೈದು. ಹುಡುಗಿ ಕಣ್ಣು ಮುಚ್ಚಿದ್ದಳು. ಪರೀಕ್ಷಕರ ಪೆನ್ನಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಸೊನ್ನೆ ಬರೆಯಲು ಎಷ್ಟು ಹೊತ್ತು ಬೇಕು? ಟೀಚರ್ ಹುಡುಗಿಯಿಂದ ಕಣ್ಣು ಕಿತ್ತು ಪರದೆಯ ಮೇಲಿನ ಆ ಚಿಕ್ಕ ಗುಂಡಿಯನ್ನು ಹುಡುಕಿದರು.

ಹುಡುಕುತ್ತಿದ್ದಾಗಲೇ ಒಂದು ಸ್ವರ ಕೇಳಿಸಿತು. ತಮ್ಮ ಹೆದರಿಕೆಯೇ ನುಡಿಯಿತೋ ಎಂದುಕೊಂಡರು. ತುಸು ತಡೆದು, ತಾಳದ ಬೆನ್ನಿಗೆ ಆತುಕೊಂಡ ಹಾಗೆ, ಎರಡನೆಯದು. ಮೂರನೆಯದು ಅವರು ಹೇಳಿಕೊಟ್ಟ ಯಾವ ವರಸೆಗೂ ಸೇರದ್ದು. ಕತ್ತಲಲ್ಲಿ ಮೆಟ್ಟಿಲಿದೆಯೋ ಇಲ್ಲವೋ ಎಂದು ಕಾಲಿಟ್ಟು ನೋಡಿದಂಥದ್ದು. ಟೀಚರ ಕಿವಿಗೆ ತಿಳಿದದ್ದು ಬೆರಳಿಗೆ ತಲುಪುವಷ್ಟರಲ್ಲಿ ಬೆರಳು ಆ ಗುಂಡಿಯನ್ನು ಒತ್ತಿಯಾಗಿತ್ತು.

ನಿನ್ನೆಯ ಸಂಗೀತ ಸ್ಪೀಕರಿನಿಂದ ಧಾರಾಳವಾಗಿ ಸುರಿಯಿತು. ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ಅವಳು ಕಣ್ಣು ತೆರೆದು ನೋಡಿದ್ದು ಟೀಚರನ್ನಲ್ಲ, ಸ್ಪೀಕರನ್ನು. ಮತ್ತೊಮ್ಮೆ ಒತ್ತಿದರೆ ಸದ್ದು ನಿಲ್ಲುತ್ತದೆ. ನಿಂತರೆ ಪರೀಕ್ಷಕರು ತಿರುಗುತ್ತಾರೆ. ಟೀಚರ್ ಒತ್ತಲಿಲ್ಲ. ಹುಡುಗಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರೋ ನುಡಿಸುವುದನ್ನು ಕೇಳುವ ಹಾಗೆ ಕೊನೆಯವರೆಗೂ ಕೇಳಿದಳು.

"ಸೊಗಸಾಗಿದೆ!" ಪರೀಕ್ಷಕರು ಈಗ ತಿರುಗಿದರು. "ಎಷ್ಟು ಹೊತ್ತು ಕಾಯಿಸಿಬಿಟ್ಟೆ ಮಗಳೇ, ನನ್ನ ಜೀವ ಬಾಯಿಗೆ ಬಂದಿತ್ತು. ಮೊದಲ ಎರಡು ಮೂರು ಸ್ವರ ಯಾಕೋ ಅಂಟಲಿಲ್ಲ. ಆಮೇಲೆ ನೋಡು, ನೀರು ಹರಿದ ಹಾಗೆ. ಆ ಮೂರಕ್ಕೆ ಒಂದಂಕ ಕಡಿಮೆ ಮಾಡಿದೀನಿ, ಬೇಜಾರಿಲ್ಲ ತಾನೆ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಪರೀಕ್ಷಕರು ಕಾಲಾಡಿಸಿಕೊಂಡು ಬರುತ್ತೇನೆಂದು ಹೊರಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಟೀಚರ್ ನಿನ್ನೆಯ ಟ್ರ್ಯಾಕನ್ನು ಅಳಿಸಿದರು. ಈಗ ಪರದೆಯ ಮೇಲೆ ತಾಳದ ಉದ್ದನೆಯ ಪಟ್ಟಿ, ಅದರ ಕೆಳಗೆ ಉದ್ದಕ್ಕೂ ಖಾಲಿ, ನಡುವೆ ಅಕ್ಕಿಕಾಳಿನಷ್ಟು ಚಿಕ್ಕ ಮೂರು ಗುರುತು.

"ಇಲ್ಲಿಂದ ಮುಂದಕ್ಕೆ ನುಡಿಸು. ಅಂಕಕ್ಕಲ್ಲ, ಸುಮ್ನೆ. ಬೇಕಿದ್ರೆ ನಾನೂ ಹೊರಗೆ ಹೋಗ್ತೀನಿ."

ಹುಡುಗಿ ಕೀಬೋರ್ಡಿನ ಮೇಲೆ ಕೈಯಿಟ್ಟಳು. ತಾಳ ಓಡಿತು. ಮೂರು ಸ್ವರ ಬಂದವು, ಹೋದವು. ಅವಳ ಬೆರಳು ಒಂದು ಕೀ ಮೇಲೆ ನಿಂತು, ಪಕ್ಕದ್ದಕ್ಕೆ ಸರಿದು, ಮತ್ತೆ ಹಿಂದಕ್ಕೆ ಬಂತು. ಒತ್ತಲಿಲ್ಲ.

"ನಾಲ್ಕನೇದು ಬೆರಳಿಗೆ ಬಂದಿತ್ತು ಮಿಸ್," ಎಂದಳು. "ಯಾವುದು ಅಂತ ಈಗ ಗೊತ್ತಾಗ್ತಿಲ್ಲ."