ಕೊಂಬಿನ ಹಿಡಿ

ಬೆಳಗಿನ ಅನ್ನಕ್ಕೆ ತೆಂಗಿನಕಾಯಿ ತುರಿಯುತ್ತಿದ್ದ ರೊಕಿಯಾಳ ಕೈ ತಟ್ಟನೆ ನಿಂತಿತು. ಮೆಟ್ಟಿಲ ಬುಡದಲ್ಲಿ ಹೊಳೆಯಾಚೆಯ ಮುದಿ ಕಮ್ಮಾರ ಸಮಾವುನ್ ನಿಂತಿದ್ದ. ಕೈಯಲ್ಲಿ ಅವಳ ಗಂಡನ ಪಾರಂಗ್ ಕತ್ತಿ.

"ನಿನ್ನ ಗಂಡ ಇದನ್ನ ಕೊಟ್ಟು ಎರಡು ತಿಂಗಳಾಯ್ತು, ಬೈಬೇಡ ಕಣಮ್ಮ. ಹಿಡಿಗೆ ಕೊಂಬು ಬೇಕಂದ್ರೆ ಕೋಣ ಸಾಯ್ಬೇಕಲ್ಲ," ಎಂದು ನಕ್ಕು, ಕತ್ತಿಯನ್ನು ಮೆಟ್ಟಿಲ ಮೇಲೆ ಕೂತಿದ್ದ ರೊಕಿಯಾಳ ಮಗಳು ಮೆಲೂರಳ ಕೈಗಿತ್ತು ಹೊರಟುಹೋದ.

ಗಂಡ ಇಪೋ ಪಟ್ಟಣದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅಪ್ಪ ಬೆತ್ತ ಕಡಿಯಲು ಕಾಡಿಗೆ ಹೋಗಿದ್ದಾನೆಂದು ರೊಕಿಯಾ ಮಗಳಿಗೆ ಹೇಳುತ್ತ ಬಂದಿದ್ದಳು. ಅವರ ಹಳ್ಳಿಯಲ್ಲಿ ಪಾರಂಗ್ ಇಲ್ಲದೆ ಯಾವ ಗಂಡಸೂ ಕಾಡಿಗೆ ಕಾಲಿಡುವುದಿಲ್ಲ.

ಅಪ್ಪನ ಬೆರಳಿನ ಅಳತೆಗೆ ಕೊರೆದ ಹಿಡಿಯನ್ನು ಮೆಲೂರ್ ತುಂಬ ಹೊತ್ತು ಸವರುತ್ತ ಕೂತಳು. ರೊಕಿಯಾ ಬರಿದಾದ ಚಿಪ್ಪನ್ನೇ ತುರಿಯುತ್ತಿದ್ದಳು.

"ಅಮ್ಮಾ, ಅಪ್ಪ ಕಾಡಿಗೆ ಹೋಗೇ ಇಲ್ಲ, ಅಲ್ವಾ?"